ಮೈಸೂರು ‘ಮಸರ’ ಆಗುವ ಬಗೆ: ವೆಬ್ ಫ್ರೇಮ್‌ವರ್ಕ್‌ಗಳೊಳಗೆ ಕನ್ನಡ ಪಠ್ಯ

ಎಲ್ಲರಿಗೂ ನಮಸ್ಕಾರ.

ಹೊಸ ವೆಬ್ ಅಪ್ಲಿಕೇಶನ್ ಶುರು ಮಾಡುವಾಗ ಮೊದಲು ಏಳುವ ಜಗಳ ನಿಮಗೆಲ್ಲ ಗೊತ್ತೇ ಇದೆ. ಜಾಂಗೊನಾ, ಲಾರಾವೆಲ್ಲಾ, ರೈಲ್ಸಾ, ಇಲ್ಲ ನೋಡ್ ಮೇಲೆ ಎಕ್ಸ್‌ಪ್ರೆಸ್ಸಾ? ಇವೆಲ್ಲ ಫ್ರೇಮ್‌ವರ್ಕ್‌ಗಳು, ಅಂದರೆ ಅಪ್ಲಿಕೇಶನ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳು. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ತಾಳುತ್ತದೆ, ಅದನ್ನು ಬಲ್ಲ ಜನ ಎಷ್ಟು ಸುಲಭಕ್ಕೆ ಸಿಗುತ್ತಾರೆ ಎಂಬಲ್ಲಿಗೆ ಚರ್ಚೆ ನಿಲ್ಲುತ್ತದೆ. ಒಂದು ಸಹಕಾರ ಸಂಘಕ್ಕೋ, ಗ್ರಂಥಾಲಯಕ್ಕೋ, ಜಿಲ್ಲಾ ಮಟ್ಟದ ಸುದ್ದಿ ತಾಣಕ್ಕೋ ಆದರೆ ಈ ನಾಲ್ಕರಲ್ಲಿ ಯಾವುದಾದರೂ ಸಾಕು. ವೇಗ ಅಲ್ಲಿ ತೊಡಕೇ ಅಲ್ಲ. ತೊಡಕು ಶುರುವಾಗುವುದು ಜನ ತಮ್ಮ ಹೆಸರು, ಊರು, ವಿಳಾಸಗಳನ್ನು ಕನ್ನಡದಲ್ಲಿ ತುಂಬಲು ತೊಡಗಿದಾಗ. ಹಾಗಾಗಿ ಇವತ್ತು ಭಾಷೆ ಮತ್ತು ಫ್ರೇಮ್‌ವರ್ಕ್‌ಗಳನ್ನು ಒಂದೇ ಪ್ರಶ್ನೆ ಕೇಳಿ ಪರೀಕ್ಷಿಸೋಣ: ಫಾರ್ಮಿನಲ್ಲಿ ಟೈಪಿಸಿದ ಕನ್ನಡ ಪದ ಡೇಟಾಬೇಸಿಗೆ ಹೋಗಿ, ಹುಡುಕಾಟದಲ್ಲಿ ಸಿಕ್ಕಿ, ಪಟ್ಟಿಯಲ್ಲಿ ಸರಿಯಾದ ಜಾಗದಲ್ಲಿ ಕೂತು, ಪುಟದ ಮೇಲೆ ಇದ್ದ ಹಾಗೇ ವಾಪಸು ಬರುತ್ತದೆಯೇ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಯಾವ ಫ್ರೇಮ್‌ವರ್ಕೂ ಈ ದಾರಿಯಲ್ಲಿ ಪೂರ್ತಿ ಪಾಸಾಗುವುದಿಲ್ಲ. ಆದರೆ ಎಲ್ಲಿ ಫೇಲಾಗುತ್ತದೆ ಎಂಬುದು ಮೊದಲೇ ಗೊತ್ತಿರುವ ಜಾಗಗಳು. ಅವುಗಳನ್ನು ಒಮ್ಮೆ ತಿಳಿದುಕೊಂಡರೆ ನಿಮ್ಮ ಕೈಯಲ್ಲಿರುವ ಫ್ರೇಮ್‌ವರ್ಕ್‌ನಲ್ಲೇ ಕೆಲಸ ಮುಂದುವರಿಸಬಹುದು.

‘ಕರ್ನಾಟಕ’ದಲ್ಲಿ ಎಷ್ಟು ಅಕ್ಷರ?

ಓದುವವರಿಗೆ ನಾಲ್ಕು: ಕ, ರ್ನಾ, ಟ, ಕ. ಲಿಪಿಗಳ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಲೆಕ್ಕದಲ್ಲಿ ಏಳು ಸಂಕೇತಗಳು: ಕ, ರ, ವಿರಾಮ ಅಂದರೆ ನಮ್ಮ ಅರ್ಧಾಕ್ಷರದ ಚಿಹ್ನೆ, ನ, ಆಕಾರದ ದೀರ್ಘ, ಟ, ಕ. ಈ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಅಲ್ಲಿಗೆ ಇಪ್ಪತ್ತೊಂದು ಬೈಟ್.

ಈಗ ಭಾಷೆಗಳನ್ನು ಕೇಳಿ. ಪಿಎಚ್‌ಪಿಯ ಸ್ಟ್ರ್‌ಲೆನ್ 21 ಅನ್ನುತ್ತದೆ. ಗೋ ಭಾಷೆಯ ಲೆನ್ ಕೂಡ 21. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ರೂಬಿ ನಾಲ್ಕೂ 7 ಅನ್ನುತ್ತವೆ. ಎಲಿಕ್ಸಿರ್ ಮಾತ್ರ 5 ಅನ್ನುತ್ತದೆ, ಏಕೆಂದರೆ ಅದು ಗ್ರಾಫೀಮ್‌ಗಳನ್ನು, ಅಂದರೆ ಒಂದು ಅಕ್ಷರವೆಂದು ಹಿಡಿಯುವ ಸಂಕೇತಗಳ ಗುಂಪುಗಳನ್ನು ಎಣಿಸುತ್ತದೆ: ಕ, ರ್, ನಾ, ಟ, ಕ. ಪಿಎಚ್‌ಪಿಯಲ್ಲೂ ಇಂಟ್ಲ್ ಎಕ್ಸ್‌ಟೆನ್ಶನ್ ಹಾಕಿಕೊಂಡು ಗ್ರಾಫೀಮ್ ಸ್ಟ್ರ್‌ಲೆನ್ ಕರೆದರೆ ಇದೇ 5 ಸಿಗುತ್ತದೆ. ನಮ್ಮ ಕಣ್ಣಿಗೆ ಕಾಣುವ ನಾಲ್ಕನ್ನು ಯಾವುದೂ ಹೇಳಲಿಲ್ಲ, ಗಮನಿಸಿ. 2023ರಲ್ಲಿ ಬಂದ ಯೂನಿಕೋಡ್ 15.1 ಒತ್ತಕ್ಷರವನ್ನು ಒಂದೇ ಗ್ರಾಫೀಮ್ ಎಂದು ಹಿಡಿಯುವ ನಿಯಮ ತಂದಿತು. ಆಗ ಆ ನಿಯಮ ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ತೆಲುಗಿನಲ್ಲಿ ಸರಿಯಾಗಿ ಓಡಿದ ಕೋಡನ್ನು ತಂದು ಕನ್ನಡಕ್ಕೆ ಹಚ್ಚಿ ‘ಎರಡೂ ಒಂದೇ ಥರದ ಲಿಪಿಯಲ್ಲವೇ’ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎಣಿಕೆಯಲ್ಲಿ ಏನು ಕೆಡುತ್ತದೆ? ಸುದ್ದಿಯ ಮೊದಲ ನೂರು ಅಕ್ಷರ ತೋರಿಸಿ ಮುಂದೆ ಮೂರು ಚುಕ್ಕಿ ಹಾಕುವ ಕೆಲಸ ತೆಗೆದುಕೊಳ್ಳಿ. ಪೈಥಾನ್‌ನಲ್ಲಿ ‘ಕರ್ನಾಟಕ’ವನ್ನು ಮೂರಕ್ಕೆ ಕತ್ತರಿಸಿದರೆ ‘ಕರ್’ ಉಳಿಯುತ್ತದೆ. ನೋಡಲು ಅಸಹ್ಯ, ಅಷ್ಟೇ. ಪಿಎಚ್‌ಪಿಯಲ್ಲಿ ಸಬ್‌ಸ್ಟ್ರ್ ಬಳಸಿ ಹತ್ತು ಬೈಟಿಗೆ ಕತ್ತರಿಸಿದರೆ ನಾಲ್ಕನೆಯ ಸಂಕೇತದ ಮೊದಲ ಬೈಟ್ ಮಾತ್ರ ಉಳಿದು ಪಠ್ಯವೇ ಕೆಟ್ಟುಹೋಗುತ್ತದೆ. ಅದನ್ನು, ಡೇಟಾವನ್ನು ಬೇರೆ ಪ್ರೋಗ್ರಾಮಿಗೆ ಕಳಿಸುವ ರೂಪಕ್ಕೆ ತರುವ ಜೇಸನ್ ಎನ್‌ಕೋಡ್‌ಗೆ ಕೊಟ್ಟರೆ ಅದು ತಣ್ಣಗೆ ‘ಫಾಲ್ಸ್’ ಹಿಂತಿರುಗಿಸುತ್ತದೆ, ಎಪಿಐ ಖಾಲಿ ಉತ್ತರ ಕೊಡುತ್ತದೆ. ಇಂಗ್ಲಿಷ್ ಸುದ್ದಿಗಳೆಲ್ಲ ಬರುತ್ತಿವೆ, ಕನ್ನಡದ ಕೆಲವು ಸುದ್ದಿ ಇದ್ದರೆ ಮಾತ್ರ ಇಡೀ ಪಟ್ಟಿ ಮಾಯವಾಗುತ್ತದೆ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಸಬ್‌ಸ್ಟ್ರ್. ಅದರ ಬದಲು ಗ್ರಾಫೀಮ್ ಸಬ್‌ಸ್ಟ್ರ್ ಹಾಕಿ. ಇನ್ನೂ ಒಳ್ಳೆಯದು, ಪದದ ಗಡಿಯಲ್ಲೇ ಕತ್ತರಿಸುವುದು. ಪದದ ನಡುವೆ ಕತ್ತರಿಸಿದ್ದು ಕನ್ನಡದಲ್ಲಿ ಎಂದೂ ಚೆನ್ನಾಗಿ ಕಾಣುವುದಿಲ್ಲ.

ಕಾಲಂ ಅಳತೆಯಲ್ಲೂ ಇದೇ ಗೊಂದಲ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ಗಳಲ್ಲಿ ಪಠ್ಯದ ಕಾಲಂಗೆ ವಾರ್‌ಚಾರ್ 50 ಅಂದರೆ ಐವತ್ತು ಸಂಕೇತ. ಆರಕಲ್‌ನಲ್ಲಿ ಬೇರೆ ಏನೂ ಹೇಳದೆ ವಾರ್‌ಚಾರ್2 50 ಅಂದರೆ ಐವತ್ತು ಬೈಟ್, ಅಂದರೆ ಹದಿನಾರು ಕನ್ನಡ ಸಂಕೇತ. ತಂದೆಯ ಹೆಸರು ಸೇರಿಸಿದ ಪೂರ್ತಿ ಹೆಸರಿಗೆ ಹದಿನಾರು ಸಾಲದು. ಅಳತೆಯ ಪಕ್ಕ ‘ಚಾರ್’ ಎಂದು ಬರೆದರೆ ಸರಿಹೋಗುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳೂ ಪುಟ್ಟ ಎರಡೂ

ಹಳೆಯ ಪಿಎಚ್‌ಪಿ ಅಪ್ಲಿಕೇಶನ್‌ಗಳನ್ನು ಹೊಸ ಸರ್ವರಿಗೆ ಸಾಗಿಸುವವರು ಇಲ್ಲಿ ಸ್ವಲ್ಪ ನಿಲ್ಲಿ. ಮೈಎಸ್‌ಕ್ಯೂಎಲ್ 5.7ರವರೆಗೆ ಅದರ ಡಿಫಾಲ್ಟ್ ಅಕ್ಷರಗಣ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ, ಕನ್ನಡಕ್ಕೆ ಜಾಗವೇ ಇಲ್ಲದ ಲ್ಯಾಟಿನ್1. 8.0 ಬಂದಾಗ ಅದು ಯುಟಿಎಫ್8ಎಂಬಿ4 ಆಯಿತು. ಹಳೆಯ ‘ಯುಟಿಎಫ್8’ ಎಂಬ ಹೆಸರಿನದು ಸಂಕೇತಕ್ಕೆ ಮೂರು ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರೇ ಸಾಕು, ಆದ್ದರಿಂದ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ. ಯಾರೋ ಕಾಮೆಂಟಿನಲ್ಲಿ ಒಂದು ಎಮೋಜಿ ಹಾಕಿದಾಗ, ಅದಕ್ಕೆ ನಾಲ್ಕು ಬೈಟ್ ಬೇಕಾಗಿ, ಹೊಂದದ ಡೇಟಾವನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್‌ನಲ್ಲಿ ಎರರ್ ಬರುತ್ತದೆ. ಸ್ಟ್ರಿಕ್ಟ್ ಇಲ್ಲದಿದ್ದರೆ ಎಮೋಜಿಯಿಂದ ಮುಂದಿನ ವಾಕ್ಯವೆಲ್ಲ ಕತ್ತರಿಸಿಹೋಗುತ್ತದೆ.

ಕೆಟ್ಟ ಡೇಟಾ ಎರಡು ಬಗೆಯಲ್ಲಿ ಕಾಣುತ್ತದೆ, ಎರಡಕ್ಕೂ ಚಿಕಿತ್ಸೆ ಬೇರೆ. ಕನ್ನಡ ಇರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ ಡೇಟಾ ಹೋಯಿತು ಎಂದೇ ಲೆಕ್ಕ. ಲ್ಯಾಟಿನ್1 ಕಾಲಂಗೆ ಕನ್ನಡ ಹಾಕಲು ಹೋಗಿ, ಡೇಟಾಬೇಸ್ ಪ್ರತಿ ಅಕ್ಷರವನ್ನೂ ‘?’ ಮಾಡಿ ಬರೆದುಬಿಟ್ಟಿದೆ. ಬ್ಯಾಕಪ್ ಬಿಟ್ಟರೆ ಬೇರೆ ದಾರಿಯಿಲ್ಲ.

ಇನ್ನೊಂದು ಬಗೆಯಲ್ಲಿ, ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಸಣ್ಣ ‘ಎ’, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಏನೋ ಒಂದು ಚಿಹ್ನೆ, ಹೀಗೆ ಮೂರು ಮೂರರ ಗುಂಪುಗಳು ಕಾಣುತ್ತವೆ. ಇದನ್ನು ಕಂಡರೆ ಸಮಾಧಾನಪಡಿ, ನಿಮ್ಮ ಕನ್ನಡ ಅಲ್ಲೇ ಇದೆ. ‘ಕ’ ಅಂದರೆ ಇ0, ಬಿ2, 95 ಎಂಬ ಮೂರು ಬೈಟ್. ಅವನ್ನು ಲ್ಯಾಟಿನ್1 ಎಂದು ಓದಿದಾಗ ಇ0 ಗೆರೆಯುಳ್ಳ ‘ಎ’ ಆಗಿ, ಬಿ2 ಪುಟ್ಟ ಎರಡಾಗಿ ಕಾಣುತ್ತದೆ. ಕನ್ನಡದ ಎಲ್ಲ ಸಂಕೇತಗಳೂ ಇ0 ಬಿ2 ಅಥವಾ ಇ0 ಬಿ3ಯಿಂದಲೇ ಶುರುವಾಗುತ್ತವೆ, ಅದಕ್ಕೇ ಆ ಎರಡು ಮತ್ತು ಮೂರು. ಅಪ್ಲಿಕೇಶನ್ ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ಮಾಡುತ್ತಿದ್ದರೆ ಪುಟದಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತಿರುತ್ತದೆ. ಹೊಸ ಫ್ರೇಮ್‌ವರ್ಕ್ ಸರಿಯಾದ ಕನೆಕ್ಷನ್‌ನಿಂದ ಓದಿದ ಕ್ಷಣ ಬಣ್ಣ ಬಯಲಾಗುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಕಾಲಂ ಲ್ಯಾಟಿನ್1 ಎಂದೇ ಘೋಷಿತವಾಗಿದ್ದು ಒಳಗೆ ಯುಟಿಎಫ್-8 ಬೈಟುಗಳಿದ್ದರೆ, ಮೊದಲು ಕಾಲಂನ ಬಗೆಯನ್ನು ಬ್ಲಾಬ್ (ಬರೀ ಬೈಟುಗಳು) ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ನೇರವಾಗಿ ‘ಕನ್ವರ್ಟ್ ಟು’ ಕೊಟ್ಟರೆ ತಪ್ಪಾದ ಅರ್ಥವನ್ನೇ ಶ್ರದ್ಧೆಯಿಂದ ಹೊಸ ಅಕ್ಷರಗಣಕ್ಕೆ ಬರೆದುಕೊಡುತ್ತದೆ. ಹಾಗೆ ಈಗಾಗಲೇ ಆಗಿಹೋಗಿದ್ದರೆ ಕಾಲಂ ಅನ್ನು ಲ್ಯಾಟಿನ್1ಗೆ, ಅಲ್ಲಿಂದ ಬೈನರಿಗೆ, ಬೈನರಿಯಿಂದ ಯುಟಿಎಫ್8ಎಂಬಿ4ಗೆ ದಾಟಿಸುವ ಅಪ್ಡೇಟ್ ಬರೆಯಬೇಕು. ಸರಿಯಿರುವ ಸಾಲುಗಳೂ ಹೀಗೆ ಕೆಟ್ಟ ಸಾಲುಗಳೂ ಒಂದೇ ಟೇಬಲಿನಲ್ಲಿ ಬೆರೆತಿರುವುದು ಸಾಮಾನ್ಯ. ಯುಟಿಎಫ್8ಎಂಬಿ4 ಕಾಲಂನಲ್ಲಿ ಸರಿಯಾದ ಕನ್ನಡವೇ ‘ಇ0ಬಿ2’ ಆಗಿರುತ್ತದೆ, ಆದ್ದರಿಂದ ಬೈಟುಗಳಲ್ಲಿ ‘ಸಿ3ಎ0ಸಿ2ಬಿ2’ ಮಾದರಿ ನೋಡಿ ಕೆಟ್ಟ ಸಾಲುಗಳನ್ನು ಮಾತ್ರ ಆರಿಸಿಕೊಳ್ಳಿ, ಟೇಬಲಿನ ನಕಲಿನ ಮೇಲೆ ಓಡಿಸಿ ನೋಡಿ, ಆಮೇಲೆ ಮೂಲವನ್ನು ಮುಟ್ಟಿ.

ಲಾರಾವೆಲ್ 5.4 ಡಿಫಾಲ್ಟ್ ಅನ್ನು ಯುಟಿಎಫ್8ಎಂಬಿ4ಗೆ ಬದಲಿಸಿದಾಗ ಹಳೆಯ ಸರ್ವರುಗಳಲ್ಲಿ ಮೈಗ್ರೇಶನ್, ಅಂದರೆ ಟೇಬಲುಗಳನ್ನು ಕಟ್ಟುವ ಕೆಲಸವೇ ನಿಂತುಹೋಗುತ್ತಿತ್ತು: ಇಂಡೆಕ್ಸಿನ ಕೀ ತುಂಬಾ ಉದ್ದ, ಮಿತಿ 767 ಬೈಟ್ ಎಂದು. 767ನ್ನು ನಾಲ್ಕರಿಂದ ಭಾಗಿಸಿ, 191 ಬರುತ್ತದೆ. ಲಾರಾವೆಲ್ ಕೋಡುಗಳಲ್ಲಿ ಇವತ್ತಿಗೂ ಕಾಣುವ ಆ ವಿಚಿತ್ರ 191ರ ಮೂಲ ಇದು. ಹೊಸ ಮೈಎಸ್‌ಕ್ಯೂಎಲ್‌ನಲ್ಲಿ ಮಿತಿ 3072 ಬೈಟ್, ಹಾಗಾಗಿ ಆ ಸಾಲನ್ನು ಕಾಪಿ ಮಾಡಿಕೊಳ್ಳುವ ಅಗತ್ಯವಿಲ್ಲ.

ಒಂದೇ ಥರ ಕಾಣುವ ಎರಡು ಕೋಲಾರ

‘ಕೋಲಾರ’ವನ್ನು ಐದು ಸಂಕೇತದಲ್ಲಿ ಬರೆಯಬಹುದು. ಓಕಾರದ ದೀರ್ಘವನ್ನು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ಕೊನೆಗೆ ದೀರ್ಘದ ಗುರುತು ಎಂದು ಬಿಡಿಸಿದರೆ ಏಳು ಸಂಕೇತ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಪೋಸ್ಟ್‌ಗ್ರೆಸ್‌ಗೆ ಅವು ಬೇರೆ ಬೇರೆ ಊರು: ಒಂದೇ ಹೆಸರು ಎರಡು ಸಲ ಬರದಂತೆ ಕಾಯುವ ಯೂನಿಕ್ ಇಂಡೆಕ್ಸ್ ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಹುಡುಕಿದರೆ ಒಂದೇ ಸಿಗುತ್ತದೆ. ಕನ್ನಡದಲ್ಲಿ ಹೀಗೆ ಬಿಡಿಯಾಗಬಲ್ಲ ಸ್ವರಚಿಹ್ನೆಗಳು ಐದು: ಈ, ಏ, ಐ, ಒ, ಓ ಕಾರಗಳವು. ಬಿಡಿಸಿದ ರೂಪ ಎಲ್ಲಿಂದ ಬರುತ್ತದೆ? ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನ (ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡ ಆಕಾರ ಇಟ್ಟ ಫಾಂಟ್) ಕಡತಗಳಲ್ಲಿ ಅಕ್ಷರದ ತುಂಡುಗಳೇ ಜೋಡಿಸಿರುತ್ತವೆ. ಅವನ್ನು ತುಂಡು ತುಂಡಾಗಿಯೇ ಯೂನಿಕೋಡಿಗೆ ತರುವ ಪರಿವರ್ತಕ ಬಿಡಿಸಿದ ರೂಪ ಕೊಡುತ್ತದೆ. ಹಳೆಯ ಮ್ಯಾಕ್ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಕೂಡ ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು.

ಪರಿಹಾರದ ಹೆಸರು ಎನ್‌ಎಫ್‌ಸಿ ನಾರ್ಮಲೈಸೇಶನ್, ಅಂದರೆ ಬಿಡಿಸಿದ್ದನ್ನು ಜೋಡಿಸಿ ಒಂದೇ ರೂಪಕ್ಕೆ ತರುವುದು. ಪೈಥಾನ್‌ಗೆ ಯೂನಿಕೋಡ್‌ಡೇಟಾ ಮಾಡ್ಯೂಲ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರಿಂಗಿನದೇ ನಾರ್ಮಲೈಸ್, ಪಿಎಚ್‌ಪಿಗೆ ಇಂಟ್ಲ್‌ನ ನಾರ್ಮಲೈಸರ್ ಇದೆ. ಪೋಸ್ಟ್‌ಗ್ರೆಸ್ 13ರಿಂದ ಎಸ್‌ಕ್ಯೂಎಲ್‌ನಲ್ಲೇ ಮಾಡಬಹುದು. ಜಾಂಗೊ ಬಳಕೆದಾರ ಹೆಸರನ್ನು ತಾನೇ ನಾರ್ಮಲೈಸ್ ಮಾಡುತ್ತದೆ, ಆದರೆ ಮಾಮೂಲಿ ಚಾರ್‌ಫೀಲ್ಡನ್ನು ಮುಟ್ಟುವುದಿಲ್ಲ. ಇದನ್ನು ವ್ಯೂಗಳಲ್ಲಿ ಅಲ್ಲಲ್ಲಿ ಹಾಕಬೇಡಿ. ಮಾಡೆಲ್ ಫೀಲ್ಡಿನ ಒಂದು ಉಪವರ್ಗ ಬರೆದು ಎಲ್ಲ ಕನ್ನಡ ಫೀಲ್ಡುಗಳಿಗೂ ಅದನ್ನೇ ಬಳಸಿ. ಎಕ್ಸೆಲ್ ಆಮದು, ಅಡ್ಮಿನ್ ಪುಟ, ಎಪಿಐ ಎಲ್ಲವೂ ಅದರ ಮೂಲಕವೇ ಹಾಯಬೇಕು.

ನಾರ್ಮಲೈಸೇಶನ್ ಮುಟ್ಟದ ಎರಡು ಸಂಗತಿಗಳಿವೆ. ಒಂದು, ಕಾಣದ ಜೋಡಕ ಚಿಹ್ನೆಗಳು. ‘ಸಾಫ್ಟ್‌ವೇರ್’ ಪದದಲ್ಲಿ ಟಕಾರಕ್ಕೆ ವೇ ಒತ್ತಾಗಿ ಬೀಳದಂತೆ ತಡೆಯುವುದು ಅಗಲವಿಲ್ಲದ ಒಂದು ಸಂಕೇತ. ‘ರ‍್ಯಾಂಕ್’ ಸರಿಯಾಗಿ ಕಾಣಲು ಇನ್ನೊಂದು. ತೋರಿಸುವಾಗ ಅವು ಬೇಕೇ ಬೇಕು. ಹುಡುಕುವಾಗ ಅವೇ ಅಡ್ಡಿ, ಏಕೆಂದರೆ ಹುಡುಕುವವರು ಅವನ್ನು ಟೈಪಿಸಿರುವುದಿಲ್ಲ. ಹುಡುಕಾಟಕ್ಕೆ ಬೇರೆ ಕಾಲಂ ಇಟ್ಟು, ಅಲ್ಲಿ ಎರಡನ್ನೂ ತೆಗೆದುಹಾಕಿ. ಬಳಕೆದಾರರ ಪ್ರಶ್ನೆಗೂ ಅದೇ ಸಂಸ್ಕಾರ ಕೊಡಿ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ: ‘ಬೆ೦ಗಳೂರು’. ನೋಡಿ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದನ್ನು ಅನುಸ್ವಾರವಾಗಿ ಬದಲಿಸುವ ಒಂದು ಸಾಲು ಸಾಕು. ಹಿಂದೆ ಅಂಕಿ ಇದ್ದರೆ ಬಿಟ್ಟುಬಿಡಿ.

ಮಸರ, ಹಲ, ಮತ್ತು ಪೈಥಾನಿನ ಒಂದು ಹಟ

ಈಗ ಶೀರ್ಷಿಕೆಯ ವಿಷಯ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಪದದ ಅಕ್ಷರ’ ಎನ್ನಲು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬರೆಯುತ್ತೇವೆ. ಜಾವಾಸ್ಕ್ರಿಪ್ಟ್ ಮತ್ತು ರೂಬಿಗೆ ಅದರ ಅರ್ಥ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಕನ್ನಡ ಒಂದೂ ಸಿಗುವುದಿಲ್ಲ, ಹಾಗಾಗಿ ತಪ್ಪು ಮೊದಲ ದಿನವೇ ತಿಳಿಯುತ್ತದೆ. ಪೈಥಾನ್ ಅರ್ಧ ದಾರಿ ಬಂದು ನಿಲ್ಲುತ್ತದೆ. ಅದರ ‘ಆರ್‌ಇ’ ಮಾಡ್ಯೂಲಿಗೆ ಕ, ಮ, ರ ಎಲ್ಲ ಅಕ್ಷರಗಳೇ. ಆದರೆ ಸ್ವರಚಿಹ್ನೆಯೂ ವಿರಾಮವೂ ಯೂನಿಕೋಡಿನಲ್ಲಿ ‘ಗುರುತು’ ಎಂಬ ವರ್ಗಕ್ಕೆ ಸೇರಿವೆ, ಅಕ್ಷರವಲ್ಲ. ಆದ್ದರಿಂದ ಅವನ್ನು ಒಪ್ಪುವುದಿಲ್ಲ. ‘ಕನ್ನಡ’ ಎಂಬಲ್ಲಿ ಪದ ಹುಡುಕಿದರೆ ‘ಕನ’, ‘ನಡ’ ಎಂದು ಎರಡು ಪದ ಕೊಡುತ್ತದೆ.

ಶೀರ್ಷಿಕೆಯಿಂದ ಸ್ಲಗ್, ಅಂದರೆ ಪುಟದ ವಿಳಾಸದಲ್ಲಿ ಬರುವ ಹೆಸರು ಮಾಡಿಕೊಡುವ ಜಾಂಗೊದ ಸ್ಲಗಿಫೈ ಕಟ್ಟಿರುವುದು ಇದರ ಮೇಲೆ. ಏನೂ ಹೇಳದೆ ಕರೆದರೆ ಕನ್ನಡವನ್ನೆಲ್ಲ ಎಸೆದು ಖಾಲಿ ಸ್ಟ್ರಿಂಗ್ ಕೊಡುತ್ತದೆ. ರೈಲ್ಸಿನ ಪ್ಯಾರಾಮೀಟರೈಸ್ ಕೂಡ ಅಷ್ಟೇ. ಯೂನಿಕೋಡ್‌ಗೆ ಅನುಮತಿ ಕೊಡುವ ಆಯ್ಕೆ ಹಾಕಿದರೆ ಜಾಂಗೊ ಮೂಲಾಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ‘ಮೈಸೂರು’ ಹೋಗಿ ‘ಮಸರ’ ಬರುತ್ತದೆ. ‘ಹಾಲು’, ‘ಹುಲಿ’, ‘ಹೊಲ’ ಮೂರೂ ‘ಹಲ’ ಆಗುತ್ತವೆ. ಸ್ಲಗ್ ಯೂನಿಕ್ ಆಗಿರಬೇಕೆಂದು ಹೇಳಿದ್ದರೆ ಹಾಲಿನ ದರದ ಸುದ್ದಿಯ ನಂತರ ಹುಲಿ ಗಣತಿಯ ಸುದ್ದಿ ಹಾಕಲು ಹೋದವರಿಗೆ ‘ಈಗಾಗಲೇ ಇದೆ’ ಎಂಬ ಎರರ್. ಯೂನಿಕೋಡ್ ಸ್ಲಗ್‌ಫೀಲ್ಡಿನ ತಪಾಸಣೆಯೂ ಅದೇ ಮಾದರಿ ಬಳಸುವುದರಿಂದ ಕೈಯಾರೆ ‘ಮೈಸೂರು’ ಎಂದು ತುಂಬಿದರೂ ಒಪ್ಪುವುದಿಲ್ಲ. ಯುಆರ್‌ಎಲ್ ಮಾದರಿಯಲ್ಲಿ ಸ್ಲಗ್ ಕನ್ವರ್ಟರ್ ಹಾಕಿದ್ದರೆ ಅದು ಇಂಗ್ಲಿಷ್ ಬಿಟ್ಟು ಬೇರೇನನ್ನೂ ಹಿಡಿಯದೆ 404 ತೋರಿಸುತ್ತದೆ. ಅಲ್ಲಿ ಸ್ಟ್ರ್ ಕನ್ವರ್ಟರ್ ಬೇಕು.

ಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುವುದು ಹೇಗೆಂದರೆ, ‘ಭರತ’ ಎಂಬ ಹೆಸರು ಎಲ್ಲ ತಪಾಸಣೆಯನ್ನೂ ದಾಟುತ್ತದೆ. ಅದರಲ್ಲಿ ಸ್ವರಚಿಹ್ನೆಯೇ ಇಲ್ಲ. ‘ಸವಿತಾ’ ದಾಟುವುದಿಲ್ಲ. ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ ಎಂದು ಈಸ್‌ಆಲ್ಫಾ ಹಾಕಿದವರಿಗೂ ಇದೇ ಗತಿ.

ಪೈಥಾನಿನಲ್ಲಿ ‘ರೆಜೆಕ್ಸ್’ ಎಂಬ ಬೇರೆ ಪ್ಯಾಕೇಜ್ ಹಾಕಿಕೊಂಡು, ಅಕ್ಷರ ವರ್ಗ ಎಲ್, ಗುರುತು ವರ್ಗ ಎಂ, ಅಂಕಿ ವರ್ಗ ಎನ್ ಮೂರನ್ನೂ ಹೆಸರಿಸಿ ನಿಮ್ಮದೇ ಸ್ಲಗ್ ಫಂಕ್ಷನ್ ಬರೆಯಿರಿ, ಹತ್ತು ಸಾಲು ಆಗದು. ಜಾವಾಸ್ಕ್ರಿಪ್ಟಿನಲ್ಲಿ 2018ರ ಆವೃತ್ತಿಯಿಂದ ಯು ಫ್ಲ್ಯಾಗ್ ಜೊತೆ ಇದೇ ವರ್ಗಗಳು ಸಿಗುತ್ತವೆ. ನನ್ನ ಸಲಹೆ ಇನ್ನೊಂದು: ವಿಳಾಸದಲ್ಲಿ ಸುದ್ದಿಯ ಸಂಖ್ಯೆ ಇರಲಿ, ಅದರ ಹಿಂದೆ ಕನ್ನಡ ಸ್ಲಗ್ ಬರೀ ಅಲಂಕಾರಕ್ಕಿರಲಿ, ಸರ್ವರ್ ಸಂಖ್ಯೆಯನ್ನು ಮಾತ್ರ ನೋಡಲಿ. ಆಗ ಶೀರ್ಷಿಕೆ ತಿದ್ದಿದರೂ ಹಳೆಯ ಕೊಂಡಿ ಮುರಿಯುವುದಿಲ್ಲ. ವರ್ಡ್‌ಪ್ರೆಸ್ ಸ್ಲಗ್ ಅನ್ನು ಶೇಕಡಾ ಚಿಹ್ನೆಯ ರೂಪದಲ್ಲಿ 200ರ ಕಾಲಂನಲ್ಲಿ ಇಡುತ್ತದೆ. ಒಂದು ಕನ್ನಡ ಸಂಕೇತಕ್ಕೆ ಒಂಬತ್ತು ಜಾಗ, ಅಲ್ಲಿಗೆ ಇಪ್ಪತ್ತೆರಡು ಸಂಕೇತ. ಕನ್ನಡ ತಾಣಗಳ ವಿಳಾಸ ಮೂರು ನಾಲ್ಕು ಪದಕ್ಕೇ ತುಂಡಾಗುವುದು ಇದಕ್ಕೆ.

ಅಂಕಿಗಳಲ್ಲಿ ಪೈಥಾನ್ ತದ್ವಿರುದ್ಧ, ಅತಿ ಉದಾರಿ. ಬ್ಯಾಕ್‌ಸ್ಲ್ಯಾಶ್ ಡಿ ಎಂದರೆ ಅದಕ್ಕೆ ಕನ್ನಡ ಅಂಕಿಯೂ ಸೈ. ಹತ್ತು ಅಂಕಿಯ ಫೋನ್ ನಂಬರನ್ನು ಕನ್ನಡದಲ್ಲಿ ತುಂಬಿದರೆ ತಪಾಸಣೆ ದಾಟಿ ಎಸ್‌ಎಂಎಸ್ ಗೇಟ್‌ವೇವರೆಗೆ ಹೋಗಿ ಅಲ್ಲಿ ಬೀಳುತ್ತದೆ. ಜಾವಾಸ್ಕ್ರಿಪ್ಟಿನ ನಂಬರ್ ಫಂಕ್ಷನ್ನಿಗೆ ೧೨೩ ಕೊಟ್ಟರೆ ಸಂಖ್ಯೆಯೇ ಅಲ್ಲ ಅನ್ನುತ್ತದೆ. ಕನ್ನಡ ಅಂಕಿ ಬರೆದವರನ್ನು ವಾಪಸು ಕಳಿಸಬೇಡಿ. ಒಳಗೆ ಬರುವಾಗಲೇ ಬದಲಿಸಿಕೊಂಡು, ಆಮೇಲೆ 0ಯಿಂದ 9 ಎಂದು ಬಿಡಿಸಿ ಬರೆದ ಮಾದರಿಯಿಂದ ತಪಾಸಿಸಿ. ಎಸ್‌ಎಂಎಸ್ ಮಾತು ಬಂದದ್ದರಿಂದ: ಕನ್ನಡ ಸಂದೇಶಕ್ಕೆ ಮಿತಿ 160 ಅಲ್ಲ, 70 ಸಂಕೇತ. ಅದು ದಾಟಿದರೆ ತುಂಡಿಗೆ 67. ಬಿಲ್ಲು ನೋಡಿ ಗಾಬರಿಯಾಗುವ ಮೊದಲು ಟೆಂಪ್ಲೇಟ್ ಎಣಿಸಿ.

ಬಳ್ಳಾರಿ ಮೊದಲೋ ಬಸವಕಲ್ಯಾಣ ಮೊದಲೋ

ಶಾಲೆಯಲ್ಲಿ ಕಲಿತ ವರ್ಣಮಾಲೆ: ಯ ರ ಲ ವ ಶ ಷ ಸ ಹ ಳ. ಯೂನಿಕೋಡಿನ ಪಟ್ಟಿಯಲ್ಲಿ ಳ ಕೂತಿರುವುದು ಲ ಆದ ಕೂಡಲೇ, ವಕಾರಕ್ಕೂ ಮೊದಲು. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲು, ಮಳವಳ್ಳಿ ಮಸ್ಕಿಗಿಂತ ಮೊದಲು ಬರುತ್ತದೆ. ನಿಘಂಟಿನ ಕ್ರಮದಲ್ಲಿ ಎರಡೂ ತಿರುಗುಮುರುಗು. ಪೈಥಾನಿನ ಸಾರ್ಟೆಡ್, ಜಾವಾಸ್ಕ್ರಿಪ್ಟಿನ ಸಾರ್ಟ್, ಪೋಸ್ಟ್‌ಗ್ರೆಸ್‌ನ ಸಿ ಕೊಲೇಶನ್ (ಕೊಲೇಶನ್ ಅಂದರೆ ಜೋಡಣೆಯ ಕ್ರಮದ ನಿಯಮ) ಮೂರೂ ಮಾಡುವುದು ಸಂಕೇತದ ಜೋಡಣೆ.

ಪೋಸ್ಟ್‌ಗ್ರೆಸ್ 10ರಿಂದ, ಭಾಷಾವಾರು ನಿಯಮಗಳನ್ನು ಹೊತ್ತ ಐಸಿಯು ಎಂಬ ಲೈಬ್ರರಿಯ ಕೊಲೇಶನ್ ಇದೆ, ಕನ್ನಡದ್ದರ ಹೆಸರು ಕೆಎನ್-ಎಕ್ಸ್-ಐಸಿಯು. ಜಾಂಗೊ 3.2ರಿಂದ ಇದನ್ನು ಫೀಲ್ಡಿಗೇ ಹಚ್ಚಬಹುದು, ಇಲ್ಲವೇ ಆರ್ಡರ್ ಬೈಯಲ್ಲಿ ಕೊಲೇಟ್ ಫಂಕ್ಷನ್ ಕೊಡಬಹುದು. ಬ್ರೌಸರಿನಲ್ಲಾದರೆ ಇಂಟ್ಲ್ ಕೊಲೇಟರ್. ಒಂದು ಎಚ್ಚರಿಕೆ: ಸರ್ವರಿನ ಐಸಿಯು ಲೈಬ್ರರಿ ಅಪ್‌ಗ್ರೇಡ್ ಆದಾಗ ಪೋಸ್ಟ್‌ಗ್ರೆಸ್ ಕೊಲೇಶನ್ ಆವೃತ್ತಿ ಹೊಂದುತ್ತಿಲ್ಲ ಎಂದು ಲಾಗಿನಲ್ಲಿ ಎಚ್ಚರಿಸುತ್ತದೆ. ಅದನ್ನು ಕಡೆಗಣಿಸಿದರೆ ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್ ಹೊಸ ಕ್ರಮದ ಪ್ರಶ್ನೆಗೆ ಇರುವ ಸಾಲನ್ನೇ ಇಲ್ಲ ಅನ್ನಬಹುದು. ಆ ಇಂಡೆಕ್ಸುಗಳನ್ನು ರೀಇಂಡೆಕ್ಸ್ ಮಾಡಿ.

ಪೂರ್ಣ ಪಠ್ಯ ಹುಡುಕಾಟದ ವಿಷಯ ಹೆಚ್ಚು ಎಳೆಯುವುದಿಲ್ಲ. ಪೋಸ್ಟ್‌ಗ್ರೆಸ್ ಜೊತೆಗೆ ಹಿಂದಿ, ತಮಿಳಿನ ಸ್ಟೆಮ್ಮರ್ (ಪ್ರತ್ಯಯ ಕಳಚಿ ಮೂಲ ಪದ ಹಿಡಿಯುವ ಸಾಧನ) ಬರುತ್ತದೆ, ಕನ್ನಡದ್ದು ಇಲ್ಲ. ‘ಮನೆ’ ಹುಡುಕಿದರೆ ‘ಮನೆಯಲ್ಲಿ’, ‘ಮನೆಗೆ’ ಸಿಗುವುದಿಲ್ಲ. ಪದದ ಮೊದಲ ಭಾಗ ಹೊಂದಿಸುವ ಹುಡುಕಾಟದಿಂದ ಸಾಕಷ್ಟು ಕೆಲಸ ನಡೆಯುತ್ತದೆ, ಏಕೆಂದರೆ ನಮ್ಮ ವಿಭಕ್ತಿಗಳೆಲ್ಲ ಬಾಲದಲ್ಲೇ ಸೇರುವುದು. ಆದರೆ ‘ಮರ’ದಿಂದ ‘ಮರವನ್ನು’ ಸಿಕ್ಕಿದ ಹಾಗೆ ‘ಮರಳು’, ‘ಮರಣ’ಗಳೂ ಸಿಗುತ್ತವೆ, ಪೂರ್ತಿ ಹೊಂದುವುದನ್ನು ಮೇಲೆ ತೋರಿಸಿ.

ಕೊನೆಗೆ ಪರೀಕ್ಷೆ. ಫ್ರೇಮ್‌ವರ್ಕ್ ಆರಿಸುವ ಮೊದಲೇ ಈ ಪದಗಳ ಕಡತ ಮಾಡಿಟ್ಟುಕೊಳ್ಳಿ: ಕರ್ನಾಟಕ, ಸವಿತಾ, ಎರಡೂ ರೂಪದ ಕೋಲಾರ, ಸೊನ್ನೆಯ ಬೆ೦ಗಳೂರು, ಸಾಫ್ಟ್‌ವೇರ್, ರ‍್ಯಾಂಕ್, ಹಾಲು ಮತ್ತು ಹುಲಿ, ಬಳ್ಳಾರಿ ಮತ್ತು ಬಸವಕಲ್ಯಾಣ, ಕನ್ನಡ ಅಂಕಿಯ ಒಂದು ಫೋನ್ ನಂಬರ್, ಕೊನೆಯಲ್ಲಿ ಎಮೋಜಿ ಇರುವ ಒಂದು ವಾಕ್ಯ. ಪ್ರತಿಯೊಂದನ್ನೂ ಫಾರ್ಮಿನಿಂದ ಉಳಿಸಿ, ಓದಿ, ಹುಡುಕಿ, ಜೋಡಿಸಿ ನೋಡುವ ಟೆಸ್ಟುಗಳು ಅರ್ಧ ದಿನದ ಕೆಲಸ. ಅವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ ತೃಪ್ತರಾಗಬೇಡಿ. ನೋಡ್ 13ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇಂಗ್ಲಿಷಿನ ಐಸಿಯು ಮಾಹಿತಿ ಮಾತ್ರ ಇರುತ್ತಿತ್ತು. ಡಾಟ್‌ನೆಟ್‌ನ ಆಲ್ಪೈನ್ ಇಮೇಜುಗಳಲ್ಲಿ ಭಾಷಾವಾರು ಮಾಹಿತಿ ಡಿಫಾಲ್ಟ್ ಆಗಿ ಆಫ್ ಆಗಿರುತ್ತದೆ. ಹಳೆಯ ನೋಡ್‌ನಲ್ಲಿ ಎರರ್ ಬರುವುದಿಲ್ಲ, ಕನ್ನಡದ ಕ್ರಮ ಕೇಳಿದರೆ ಬೇರೆ ಯಾವುದೋ ಕ್ರಮ ಕೊಟ್ಟು ಸುಮ್ಮನಾಗುತ್ತದೆ. ಡಾಟ್‌ನೆಟ್ 6ರಿಂದ ಈಚೆಗೆ ಅಂಥ ಇಮೇಜಿನಲ್ಲಿ ಕನ್ನಡ ಕೇಳಿದರೆ ಎರರ್ ಬರುತ್ತದೆ. ಟೆಸ್ಟುಗಳು ಓಡಬೇಕಾದದ್ದು ಸರ್ವರಿಗೆ ಹೋಗುವ ಅದೇ ಕಂಟೇನರಿನ ಒಳಗೆ, ಅದೇ ಆವೃತ್ತಿಯ ಡೇಟಾಬೇಸಿನ ಎದುರು.